ಮುರಿದ ಸ್ಟಡ್ಡು



ಮೋಟಾರು ವಾಹನವನ್ನು ಕುರಿತು ಮಾತನಾಡುವವರು ಸಾಧಾರಣವಾಗಿ ಅದರ ವೇಗವನ್ನೋ ಬೆಲೆಯನ್ನೋ ಎತ್ತಿಕೊಳ್ಳುವುದುಂಟು. ನಾವು ಈ ಹೊತ್ತು ಹೇಳಹೊರಟಿರುವುದು ಕಿರುಬೆರಳಿನ ಗಾತ್ರದ ಒಂದು ಉಕ್ಕಿನ ಕಡ್ಡಿಯ ವಿಷಯ. ಎಂಜಿನ್ನಿನಿಂದ ಹೊರಬೀಳುವ ಸುಡುಹೊಗೆಯನ್ನೆಲ್ಲ ಒಟ್ಟುಗೂಡಿಸಿ ಸೈಲೆನ್ಸರಿನ ಕೊಳವೆಗೆ ಸಾಗಿಸುವ ಬೀಡುಕಬ್ಬಿಣದ ಕವಲುಗೊಳವೆಯೊಂದುಂಟು. ಅದಕ್ಕೆ ಎಗ್ಸಾಸ್ಟ್ ಮ್ಯಾನಿಫೋಲ್ಡು ಎಂದು ಹೆಸರು. ಅದನ್ನು ಎಂಜಿನ್ನಿಗೆ ಬಿಗಿದಿಡುವ ಕಡ್ಡಿಯೇ ಸ್ಟಡ್ಡು. ಇದರ ಎರಡು ತುದಿಗಳಲ್ಲಿಯೂ ತಿರುಪಿನ ಸುತ್ತುಗಳಿರುತ್ತವೆ. ಒಂದು ತುದಿ ಎಂಜಿನ್ನಿನ ಮೈಯೊಳಗೆ ಹುದುಗಿರುತ್ತದೆ, ಇನ್ನೊಂದಕ್ಕೆ ನಟ್ಟು.

ಕಳೆದ ಬೇಸಗೆಯ ರಜದಲ್ಲಿ ಹರಪನಹಳ್ಳಿಯ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ನೋಡಬೇಕೆಂದು, ಹಡಗಲಿಯ ಸ್ನೇಹಿತರೊಬ್ಬರನ್ನು ಜೊತೆಮಾಡಿಕೊಂಡು, ಕೂಡ್ಲಿಗಿಯಿಂದ ನಮ್ಮ ಹಳೆಯ ಪೆಟ್ರೋಲು ಜೀಪಿನಲ್ಲಿ ಹೊರಟೆವು. ಮಹೀಂದ್ರಾ ಕಂಪನಿಯವರು ವಿಲ್ಲಿಸ್ ಮಾದರಿಯಂತೆ ಈ ದೇಶದಲ್ಲಿ ತಯಾರಿಸುತ್ತಿದ್ದ ಬಗೆಯದು. ಬೆಳಗ್ಗೆ ಎಂಜಿನ್ನು ತಣ್ಣಗಿದ್ದಾಗ ಟಿಕ್ ಟಿಕ್ಕೆಂಬ ಸದ್ದೊಂದು ಕೇಳಿಬರುತ್ತಿದ್ದಿತು. ಕಾದ ಮೇಲೆ ತಾನಾಗಿಯೇ ಅಡಗುತ್ತಿದ್ದಿತು. ಬಾನೆಟ್ಟನ್ನು ಎತ್ತಿ ನೋಡಿದರೆ ಮ್ಯಾನಿಫೋಲ್ಡಿನ ಹಿಂದಿನ ತುದಿಯಲ್ಲಿ ಸ್ಟಡ್ಡೊಂದು ಮುರಿದು, ಅಲ್ಲಿ ಮಸಿಯ ಗೆರೆ ಬಿದ್ದಿದ್ದಿತು. ಪಕ್ಕದ ನಟ್ಟನ್ನಾದರೂ ಬಿಗಿಮಾಡೋಣವೆಂದು ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸಿದೆವು. ಅದೂ ಮುರಿಯಿತು! ಮೊದಲನೆಯದು ಮೋಟಾದರೂ ಹೊರಗೆ ಚಾಚಿಕೊಂಡಿದ್ದಿತು. ನಮ್ಮ ಕೈಯಿಂದ ಮುರಿದದ್ದು ಎಂಜಿನ್ನಿನ ಮೈಗೆ ಸಮನಾಗಿ, ಹಿಡಿಯಲು ಏನೂ ಉಳಿಯದಂತೆ ಮುರಿದಿದ್ದಿತು.

ಹಾಗೆಯೇ ಕೊಟ್ಟೂರಿನವರೆಗೆ ಓಡಿಸಿದೆವು. ಧೂಳಿಗೆ ಹೆದರಿ ಪರದೆಗಳನ್ನು ಇಳಿಬಿಟ್ಟಿದ್ದೆವು. ಊರು ಸೇರುವ ವೇಳೆಗೆ ನಮ್ಮ ಸ್ನೇಹಿತರು ತಲೆನೋವು, ಓಕರಿಕೆ ಎಂದು ಹಿಂದಿನ ಸೀಟಿನಲ್ಲಿ ಒರಗಿಬಿಟ್ಟಿದ್ದರು. ನಾವು ಬಿಸಿಲಿನ ಬಾಧೆ ಎಂದುಕೊಂಡಿದ್ದೆವು. ಗ್ಯಾರೇಜಿನ ಮೇಸ್ತ್ರಿಗಳು ಮಸಿಯನ್ನು ನೋಡಿದವರೇ, "ಮೊದಲು ಅವರನ್ನ ಕೆಳಗಿಳಿಸಿ ಗಾಳಿಗೆ ಕೂರಿಸ್ರಿ ಮೇಷ್ಟ್ರೇ, ಗಾಡಿ ಆಮೇಲೆ ನೋಡೋಣಂತೆ" ಎಂದರು. ಸೋರುತ್ತಿದ್ದ ಹೊಗೆಯಲ್ಲಿದ್ದುದು ಕಾರ್ಬನ್ ಮಾನಾಕ್ಸೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಇದ್ದಿಲಿನ ಗ್ಯಾಸಿನಿಂದ ಬಸ್ಸುಗಳು ಓಡಿದ ಸಂಗತಿಯನ್ನು ಹಿರಿಯರು ಹೇಳಿರುವುದನ್ನು ಕೇಳಿರಬಹುದು. ಆ ಬಸ್ಸುಗಳನ್ನು ಎಳೆದದ್ದು ಬಹುಮಟ್ಟಿಗೆ ಇದೇ ಅನಿಲ. ಹೊರಗಿನ ಗಾಳಿಗೆ ಒಂದೆರಡು ಗಂಟೆ ಕುಳಿತ ಮೇಲೆ ಸ್ನೇಹಿತರು ಚೇತರಿಸಿಕೊಂಡರು. ಬುದ್ಧಿವಂತರಾದ ನಾವಿಬ್ಬರೂ ಆ ಪರದೆಗಳನ್ನು ಕುರಿತು ಯೋಚಿಸಿಯೇ ಇರಲಿಲ್ಲ.

ಸ್ಟಡ್ಡು ಮುರಿಯುವುದೇಕೆ? ಒಂದೂವರೆ ಅಡಿಯ ಮ್ಯಾನಿಫೋಲ್ಡು 400 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರು ಹಿಗ್ಗುತ್ತದೆ. ಅದು ಕೂತಿರುವ ಎಂಜಿನ್ನಿನ ಮೈಯಾದರೋ ನೀರಿನಿಂದ ತಂಪಾಗುತ್ತಿರುವುದರಿಂದ ಅದರಲ್ಲಿ ಆರನೆಯ ಒಂದು ಪಾಲಿನಷ್ಟೂ ಹಿಗ್ಗದು. ಪ್ರತಿ ದಿವಸವೂ ಈ ಎಳೆದಾಟ ನಡೆದು, ತುದಿಗಳಲ್ಲಿರುವ ಸ್ಟಡ್ಡುಗಳಿಗೇ ಹೆಚ್ಚಿನ ಪೆಟ್ಟು ಬೀಳುತ್ತದೆ. ತುಕ್ಕು ಇದಕ್ಕೆ ನೆರವಾಗುತ್ತದೆ. ಗಾಡಿ ಸುಮ್ಮನೆ ನಿಂತರೂ ತುಕ್ಕು ನಿಲ್ಲುವುದಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ಈ ಸೀಮೆಯಲ್ಲಿ ಸಾಲುಸಾಲಾಗಿ ನಿಂತ ಅದಿರಿನ ಲಾರಿಗಳಲ್ಲಿ ತಾವು ಕಿತ್ತ ಸ್ಟಡ್ಡುಗಳಿಗೆ ಲೆಕ್ಕವಿಲ್ಲವೆಂದು ಮೇಸ್ತ್ರಿಗಳು ಹೇಳಿದರು.

ಅವರು ಆ ದಿವಸ ಮಾಡಿದ ಕೆಲಸ ಬಹಳ ಸ್ವಲ್ಪ. ಎಂಜಿನ್ನು ಆರಿದ ಮೇಲೆ ಎರಡು ಮೋಟುಗಳ ಸುತ್ತಲೂ ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಬಿಟ್ಟು, "ನಾಳೆ ಬರ್ರಿ" ಎಂದರು. ನಮಗೆ ಅಸಮಾಧಾನವೇ ಆಯಿತು. ಹೊಸ ಸ್ಟಡ್ಡುಗಳಿಗೂ ಪ್ಯಾಕಿಂಗಿಗೂ ಹುಡುಗನೊಬ್ಬನನ್ನು ಹಗರಿಬೊಮ್ಮನಹಳ್ಳಿಯ ಬಸ್ಸಿಗೆ ಹತ್ತಿಸಿದರು.

ಮರುದಿನ ಮ್ಯಾನಿಫೋಲ್ಡನ್ನು ಬಿಚ್ಚಿ, ಹೊರಗೆ ಚಾಚಿದ್ದ ಮೋಟಿನ ಮೇಲೆ ನಟ್ಟೊಂದನ್ನು ಇಟ್ಟು, ಅದರ ತೂತಿನೊಳಗೆ ವೆಲ್ಡಿಂಗು ತುಂಬಿದರು. ಕೆಂಪು ಆರಿದೊಡನೆ ಮೇಣದ ಬತ್ತಿಯನ್ನು ಬುಡಕ್ಕೆ ತಾಗಿಸಲು, ಮೇಣವು ಕರಗಿ ಸುತ್ತುಗಳೊಳಕ್ಕೆ ಹೀರಿಹೋಯಿತು. ಅನಂತರ ಪಾನಾ ಹಾಕಿ, ಒಂದೇ ಸಮನೆ ಎಳೆಯದೆ, ಅಷ್ಟು ಹಿಂದಕ್ಕೆ ಅಷ್ಟು ಮುಂದಕ್ಕೆ ಆಡಿಸುತ್ತ ಬಂದರು. ಕಿರ್ರೆಂದು ಸದ್ದುಮಾಡುತ್ತ ಅದು ಹೊರಬಂದಿತು.

ಸಂಕಟವಿದ್ದುದು ನಮ್ಮ ಎರಡನೆಯದರಲ್ಲಿ. ಈ ಎಂಜಿನ್ನಿನಲ್ಲಿ ಹೊಗೆಯ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲಿಯೇ ಇವೆ; ಆದುದರಿಂದ ಸ್ಟಡ್ಡು ಹುದುಗಿರುವುದೂ ಬ್ಲಾಕಿನಲ್ಲಿಯೇ. ಹೆಡ್ಡಾದರೆ ಬಿಚ್ಚಿ ಲೇತಿನವರ ಬಳಿಗೆ ಒಯ್ಯಬಹುದು. ಬ್ಲಾಕು ಕೆಟ್ಟರೆ ಎಂಜಿನ್ನೇ ಕೆಟ್ಟಂತೆ. ಮುರಿದ ಸ್ಟಡ್ಡಿನ ಉಕ್ಕು ಗಟ್ಟಿ, ಸುತ್ತಲಿನ ಬೀಡು ಮೆದು. ಡ್ರಿಲ್ಲು ಕೂದಲೆಳೆಯಷ್ಟು ಓರೆಯಾದರೂ ಮೆದುವಾದ ಕಡೆಗೇ ಜಾರುತ್ತದೆ. ಹೆಡ್ಡು ಅಲ್ಯೂಮಿನಿಯಮ್ಮಿನದಾಗಿದ್ದರಂತೂ ಇನ್ನೂ ಬೇಗ ಜಾರುತ್ತದೆ. ಯಾವ ಲೋಹವೆಂಬ ಅನುಮಾನವಿದ್ದರೆ ಅಯಸ್ಕಾಂತವನ್ನು ತಾಗಿಸಿ ನೋಡಿದರೆ ಸಾಕು, ಬೀಡಿಗೆ ಅಂಟುತ್ತದೆ, ಅಲ್ಯೂಮಿನಿಯಮ್ಮಿಗೆ ಅಂಟದು.

ಮುರಿದ ಮುಖವನ್ನು ಅರದಿಂದ ಸಮಮಾಡಿ, ಭೂತಗನ್ನಡಿ ಹಿಡಿದು ನಡುವನ್ನು ಗುರುತಿಸಿ, ಸೆಂಟರ್ ಪಂಚಿನಿಂದ ಒಂದು ಪೆಟ್ಟು ಕೊಟ್ಟರು. ಆ ಒಂದು ಪೆಟ್ಟಿಗೆ ಕಾಲುಗಂಟೆ ಹಿಡಿಯಿತು. ಅನಂತರ ಅವರು ಮಾಡಿದ ಉಪಾಯವನ್ನು ನಾವು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಮ್ಯಾನಿಫೋಲ್ಡನ್ನೇ ಮತ್ತೆ ಸ್ವಸ್ಥಾನದಲ್ಲಿ ಬಿಗಿದು, ಅದರ ತೂತಿಗೆ ಸರಿಯಾಗಿ ಕೂರುವಂತೆ ನೆರೆಯ ಲೇತಿನಲ್ಲಿ ಬುಷ್ಷೊಂದನ್ನು ಕಡೆಸಿ ತಂದು, ಅದರ ನಡುವಣ ಸಣ್ಣ ರಂಧ್ರದ ಮೂಲಕ ಡ್ರಿಲ್ಲನ್ನು ಇಳಿಸಿದರು. ಡ್ರಿಲ್ಲಿಗೆ ಓರೆಯಾಗಲು ಎಡೆಯೇ ಉಳಿಯಲಿಲ್ಲ. ಮೊದಲು ಸಣ್ಣದು, ಆಮೇಲೆ ಅದಕ್ಕಿಂತ ದೊಡ್ಡದು.

ರಂಧ್ರದೊಳಕ್ಕೆ ಹೊಡೆದು ಎಡಕ್ಕೆ ತಿರುಗಿಸುವ ಎಕ್ಸ್‌ಟ್ರಾಕ್ಟರನ್ನು ಬಳಸಬಾರದೆ ಎಂದು ಕೇಳಿದೆವು. ಅವರು ಪೆಟ್ಟಿಗೆಯಿಂದ ತೆಗೆದು ತೋರಿಸಿದರು, ಬಳಸಲಿಲ್ಲ. "ಇದು ಒಳಗೆ ಮುರೀತು ಅಂದ್ರೆ ಯಾವ ಡ್ರಿಲ್ಲೂ ಕಡಿಯಂಗಿಲ್ಲ ಮೇಷ್ಟ್ರೇ." ಅದು ನಿಜ. ಆ ಉಕ್ಕಿನ ಕಾಠಿಣ್ಯವು ಡ್ರಿಲ್ಲಿನದಕ್ಕೆ ಸಾಟಿಯಾದುದು. ಅದನ್ನೇ ಕಚ್ಚಿಕೊಂಡು ಮುರಿದರೆ ಬಿಡಿಸುವ ಕೆಲಸ ಮೊದಲಿನದಕ್ಕಿಂತ ಹತ್ತರಷ್ಟು ಕಷ್ಟ.

3/8 ಅಂಗುಲದ ದಪ್ಪ ಸುತ್ತಿನ ಸ್ಟಡ್ಡಿಗೆ ಸುತ್ತು ಕೊರೆಯುವ ಮುನ್ನ ಇರಬೇಕಾದ ರಂಧ್ರ 5/16 ಅಂಗುಲ. ಅದಕ್ಕೆ ಸ್ವಲ್ಪ ಕಡಿಮೆಯಲ್ಲಿಯೇ ನಿಲ್ಲಿಸಲು, ಹಳೆಯ ಸ್ಟಡ್ಡು ತೊಗಟೆಯಂತೆ ತೆಳುವಾಗಿ ಉಳಿಯಿತು. ಚೂಪಾದ ಉಳಿಯಿಂದ ಅದರ ಒಂದು ಅಂಚನ್ನು ಒಳಕ್ಕೆ ಮಡಿಸಿ ಎಳೆದರೆ, ಸುರುಳಿಯಾಗಿ ಬಿಚ್ಚಿಕೊಂಡು ಬಂದಿತು! ಟ್ಯಾಪಿನಿಂದ ಸುತ್ತುಗಳನ್ನು ಶುದ್ಧಮಾಡಿದರು. ನಡು ತಪ್ಪಿದ್ದರೆ ದೊಡ್ಡ ರಂಧ್ರ ಕೊರೆದು ಒಳಕ್ಕೆ ಉಕ್ಕಿನ ಸುರುಳಿಯನ್ನು ಕೂರಿಸಬೇಕಾಗುತ್ತಿದ್ದಿತು. ಆ ತಾಪತ್ರಯ ತಪ್ಪಿತು.

ಹೊಸ ಸ್ಟಡ್ಡುಗಳಿಗೆ ಗ್ರಾಫೈಟಿನ ಗ್ರೀಸು ಸವರಿ, ಹೊಸ ಪ್ಯಾಕಿಂಗು ಇಟ್ಟು, ನಡುವಿನಿಂದ ತುದಿಗಳ ಕಡೆಗೆ ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿದರು. ಪಾನಾಕ್ಕೆ ಪೈಪು ಹಾಕಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಸಂಜೆ ಬಾಗಳಿಯನ್ನು ಸೇರುವ ಹೊತ್ತಿಗೆ ದೇವಾಲಯದ ಒಳಗೆಲ್ಲ ಕತ್ತಲಾಗಿದ್ದಿತು. ಕಂಬಗಳನ್ನು ಟಾರ್ಚಿನ ಬೆಳಕಿನಲ್ಲಿಯೇ ನೋಡಬೇಕಾಯಿತು. ಒಮ್ಮೆ ಕಾದು ಆರಿದ ಮೇಲೆ ನಟ್ಟುಗಳನ್ನು ಇನ್ನೊಂದು ಸಲ ನೋಡಬೇಕೆಂದು ಮೇಸ್ತ್ರಿಗಳು ಹೇಳಿಕಳುಹಿಸಿದ್ದರು. ಮರುದಿನ ಬೆಳಗ್ಗೆ ಹರಪನಹಳ್ಳಿಯಲ್ಲಿ, ಎಂಜಿನ್ನು ತಣ್ಣಗಿರುವಾಗ, ಬರಿಯ ಪಾನಾ ಹಿಡಿದು ನೋಡಿದೆವು. ಹಿಂದಿನ ತುದಿಯದೊಂದು ಮಾತ್ರ ಅರ್ಧ ಸುತ್ತಿಗೂ ಕಡಿಮೆ ತಿರುಗಿ ನಿಂತಿತು.