ಫೋನಿನ ಪೊಲೀಸನಿಗೆ ಹೆದರಬೇಡಿ
(ಅಹಮದಾಬಾದಿನಲ್ಲಿ ಹಿರಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ ಮಾತ್ರ. ಲೋಟ ತೊಳೆದು, ಸಪ್ಲೈ ಮಾಡಿ, ಆಮೇಲೆ ಸಂಘದ ಕೆಲಸಕ್ಕೆ ಬಂದವರು. ನಮ್ಮಿಂದ ಪಾಂಡಿತ್ಯವನ್ನು ನಿರೀಕ್ಷಿಸಬೇಡಿ. ಕಂಡದ್ದನ್ನು ಹೇಳುತ್ತೇವೆ.

ನಮ್ಮ ಹಿರಿಯ ಅಡುಗೆಯವರೊಬ್ಬರು ಮೂವತ್ತು ವರ್ಷ ಒಲೆಯ ಮುಂದೆ ಬೆಂದು, ಊರಿನಲ್ಲಿ ಮನೆ ಕಟ್ಟಲೆಂದು ಹಣ ಕೂಡಿಟ್ಟಿದ್ದರು. ಒಂದು ಬೆಳಿಗ್ಗೆ ಫೋನು ಬಂತು. ವಿಡಿಯೋದಲ್ಲಿ ಖಾಕಿ ತೊಟ್ಟವನೊಬ್ಬ. "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ. ಫೋನು ಇಡಬಾರದು. ಯಾರಿಗೂ ಹೇಳಬಾರದು. ನಿಮ್ಮ ಹಣವನ್ನು ತನಿಖೆಗೆ ಕಳುಹಿಸಿ, ತಪ್ಪಿಲ್ಲದಿದ್ದರೆ ವಾಪಸು ಬರುತ್ತದೆ" ಎಂದ. ಪಕ್ಕದ ಕೋಣೆಯಲ್ಲಿ ನಮ್ಮ ಹುಡುಗರು ಮಲಗಿದ್ದರು. ಅವರು ಕರೆಯಲಿಲ್ಲ. ಹಣ ಹೋಯಿತು. ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಕೊನೆಗೆ, "ಈ ವಯಸ್ಸಿನಲ್ಲಿ ಮೋಸಹೋದೆ ಎಂದರೆ ನೀವು ನಗುತ್ತಿರಲಿಲ್ಲವೇ?" ಎಂದು ಕೇಳಿದರು. ನಾವು ತಲೆ ತಗ್ಗಿಸಿದೆವು. ನಿಜ, ನಗುತ್ತಿದ್ದೆವು.

ಓದಿಲ್ಲದವರಿಗೆ ಮಾತ್ರ ಹೀಗಾಗುತ್ತದೆಂದು ತಿಳಿಯಬೇಡಿ. 2024ರಲ್ಲಿ ಸೂರತ್ತಿನ 90 ವರ್ಷದ ಹಿರಿಯರೊಬ್ಬರನ್ನು ಹೀಗೆಯೇ 15 ದಿನ ಹೆದರಿಸಿ ಕೋಟಿಗೂ ಮಿಕ್ಕಿ ದೋಚಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಹಮದಾಬಾದಿನ ಪೊಲೀಸರು ಇಂಥ ಒಂದು ಜಾಲವನ್ನು ಹಿಡಿದಾಗ ಅದರಲ್ಲಿ ತೈವಾನಿನವರೇ ನಾಲ್ವರಿದ್ದರು. 2025ರಲ್ಲಿ ಗಾಂಧಿನಗರದ ವೈದ್ಯೆಯೊಬ್ಬರು 19 ಕೋಟಿ ಕಳೆದುಕೊಂಡ ಸುದ್ದಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ವಂಚನೆಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ನೆನಪಿಡಿ: ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ತನಿಖೆಗೆಂದು ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳುವವರು ಪೊಲೀಸರಲ್ಲ, ಕಳ್ಳರು. ಯುಪಿಐ ಪಿನ್ ಒತ್ತುವುದು ಹಣ ಕೊಡುವಾಗ. ಹಣ ಬರುವುದಕ್ಕೆ ಪಿನ್ ಬೇಡ. ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಹೇಳಬೇಡಿ. ಮದುವೆಯ ಕರೆಯೋಲೆಯೆಂದು ಬಂದ ಗುರುತಿಲ್ಲದ ಫೈಲನ್ನು ಒತ್ತಬೇಡಿ. ಅದು ನಿಮ್ಮ ಫೋನನ್ನೇ ಕಳ್ಳನ ಕೈಗೆ ಕೊಟ್ಟೀತು.

ಹಣ ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಕದ್ದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಬೇಗ ತಿಳಿಸಿದರೆ ಉಳಿದದ್ದನ್ನಾದರೂ ತಡೆಹಿಡಿಯಬಹುದು. ನಮ್ಮವರ ಹನ್ನೊಂದು ದಿನದ ಮೌನದಲ್ಲಿ ಎಲ್ಲವೂ ಓಡಿಹೋಗಿತ್ತು.

ಕಿರಿಯರಿಗೂ ಒಂದು ಮಾತು. ಆ ಹಣ ಓಡುವುದು ಯಾರ ಖಾತೆಗಳಲ್ಲಿ? ಕೆಲವು ಸಾವಿರದ ಆಸೆಗೆ ಪಾಸ್‌ಬುಕ್ಕು, ಸಿಮ್ಮು ಬಾಡಿಗೆಗೆ ಕೊಟ್ಟ ಬಡ ಹುಡುಗರ ಖಾತೆಗಳಲ್ಲಿ. ಅಹಮದಾಬಾದಿರಲಿ, ವಡೋದರಾ ಸೂರತ್ತುಗಳಿರಲಿ, ನಮ್ಮ ಯಾವ ಮಾಣಿಯೂ ಈ ಬಲೆಗೆ ಬೀಳಬಾರದು. ಸಿಕ್ಕಿಬೀಳುವವನು ಮೊದಲು ಅವನೇ. ಇನ್ನೊಬ್ಬ ಕಾರ್ಮಿಕನ ಜೀವಮಾನದ ಗಳಿಕೆ ಅವನ ಹೆಸರಿನಲ್ಲಿ ಹಾದುಹೋಗಿರುತ್ತದೆ.

1918ರಲ್ಲಿ ಇದೇ ಊರಿನ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ದಿನವೂ ಸಾಬರಮತಿಯ ದಂಡೆಯಲ್ಲಿ ಮರದ ಕೆಳಗೆ ಸೇರುತ್ತಿದ್ದರು. ಮನೆಯಲ್ಲಿ ಒಬ್ಬೊಬ್ಬರೇ ಕುಳಿತಿದ್ದರೆ ಹಸಿವು ಅವರನ್ನು ಎಂದೋ ಸೋಲಿಸುತ್ತಿತ್ತು. ಕಳ್ಳನಿಗೂ ಈ ಗುಟ್ಟು ತಿಳಿದಿದೆ. ಅದಕ್ಕೇ ಅವನ ಮೊದಲ ಆಜ್ಞೆ, "ಯಾರಿಗೂ ಹೇಳಬಾರದು".

ಆದ್ದರಿಂದ ಹಿರಿಯರೇ, ಅಂಥ ಫೋನು ಬಂದರೆ ಕತ್ತರಿಸಿ, ಬಾಗಿಲು ತೆರೆದು ಪಕ್ಕದವನನ್ನು ಕೂಗಿ. ನಡುರಾತ್ರಿಯಾದರೂ ನಮ್ಮನ್ನು ಎಬ್ಬಿಸಿ. ಇನ್ನು ನಾವು ಯಾರೂ ನಗುವುದಿಲ್ಲ. ಈ ಮಾತನ್ನು ಸಭೆಯಲ್ಲಿ ನಿಂತು ಕೊಡುತ್ತಿದ್ದೇವೆ.