ಮೂಟೆ ತೂಕ ಬೇರೆ, ಓಟಿ ಬೇರೆ



ಓದುವ ಮಕ್ಕಳಿಂದ ಈ ನಡುವೆ ಒಂದೇ ಥರದ ಪ್ರಶ್ನೆ ಬರುತ್ತಿದೆ. ಬಿಕ್ಕೋಡಿನ ಕಡೆಯಿಂದ ಬೇಲೂರಿಗೋ ಹಾಸನಕ್ಕೋ ದಿನಾ ಬಸ್ಸಿನಲ್ಲಿ ಓಡಾಡುವವರು, ಹಾಸ್ಟೆಲಿನಲ್ಲಿ ಇರುವವರು, ಕೋಚಿಂಗ್ ಕ್ಲಾಸಿಗೆ ಸೇರಿಕೊಂಡವರು, ಎಲ್ಲರದ್ದೂ ಒಂದೇ ರಾಗ. "ಡಾಕ್ಟ್ರೇ, ತೂಕ ಇಳಿಸೋಣ ಅಂತ ಶುರು ಮಾಡಿದೆ. ಮೊದಲನೇ ವಾರ ಎರಡು ಕೆಜಿ ಇಳೀತು. ಎರಡನೇ ವಾರ ನಿಂತೇ ಹೋಯ್ತು. ಅಷ್ಟರಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ ಹೋಗಿ ಬಂದೆ, ಎರಡೂ ಕೆಜಿ ವಾಪಸ್ ಬಂತು. ನನ್ನ ಮೈಯೇ ಹೀಗಾ? ಪರೀಕ್ಷೆ ಬೇರೆ ಹತ್ತಿರ ಬಂತು. ಇದಕ್ಕೆಲ್ಲ ಟೈಮೆಲ್ಲಿದೆ?"

ಎಣ್ಣೆ ತಿಂಡಿ ಕಡಿಮೆ ಮಾಡಿ, ತರಕಾರಿ ತಿನ್ನಿ ಅಂತ ನಾನು ಇವತ್ತು ಹೇಳಲು ಹೋಗುವುದಿಲ್ಲ. ಅದು ನಿಮಗೆ ಗೊತ್ತಿದೆ, ನಿಮ್ಮ ಅಜ್ಜಿಗೂ ಗೊತ್ತಿದೆ. ಆ ಎರಡು ಕೆಜಿ ಎಲ್ಲಿಗೆ ಹೋಯಿತು, ಎಲ್ಲಿಂದ ವಾಪಸ್ ಬಂತು, ಅದನ್ನು ಹೇಳುತ್ತೇನೆ. ಅದು ತಿಳಿಯದೆ ಶುರು ಮಾಡಿದವರು ಮೂರನೇ ವಾರಕ್ಕೆ ಬಿಟ್ಟುಬಿಡುವುದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ.

ನಮ್ಮ ಕಡೆಯ ಮಕ್ಕಳಿಗೆ ಇದನ್ನು ಪುಸ್ತಕ ತೆರೆದು ಹೇಳಬೇಕಾಗಿಲ್ಲ. ಕಾಫಿ ಕಣ ನೋಡಿದ್ದೀರಲ್ಲ, ಸಾಕು. ಕುಯ್ಲು ಮುಗಿದು ಹಣ್ಣನ್ನು ಕಣದಲ್ಲಿ ಹರವುತ್ತೀರಿ. ಗಳಿಗೆಗೊಮ್ಮೆ ಕೆದಕುತ್ತೀರಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತೀರಿ. ಎರಡು ವಾರದಲ್ಲಿ ನೂರು ಕೆಜಿ ಹಣ್ಣು ಅರ್ಧಕ್ಕಿಂತ ಕಡಿಮೆಗೆ ಇಳಿದಿರುತ್ತದೆ. ಯಾರಾದರೂ ಎದೆ ಬಡಿದುಕೊಂಡು "ಅಯ್ಯೋ, ನನ್ನ ಕಾಫಿ ಬೀಜ ಅರ್ಧ ಕರಗಿಹೋಯ್ತು" ಅನ್ನುತ್ತಾರೆಯೇ? ಹೋದದ್ದು ನೀರು ಅಂತ ಎಲ್ಲರಿಗೂ ಗೊತ್ತು. ಬೀಜ ಅಲ್ಲೇ ಇದೆ.

ವ್ಯಾಪಾರಿಯೂ ಮೂಟೆ ತೂಕ ನೋಡಿ ಸುಮ್ಮನಾಗುವುದಿಲ್ಲ. "ಓಟಿ ಎಷ್ಟು?" ಅನ್ನುತ್ತಾನೆ. ಅರಸೀಕೆರೆ ಕಡೆಯ, ತೆಂಗಿನ ಸೀಮೆಯ ಕೇಳುಗರಿಗಾಗಿ ಒಂದು ಮಾತು: ಐವತ್ತು ಕೆಜಿ ಒಣ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣಿನ ಮೂಟೆಯಿಂದ ಸಿಪ್ಪೆ ಕಳೆದು ಎಷ್ಟು ಕೆಜಿ ಬೀಜ ಸಿಕ್ಕಿತೋ ಅದು ಓಟಿ. ಇಪ್ಪತ್ತಾರು, ಇಪ್ಪತ್ತೆಂಟು ಹೀಗೆ. ಮೂಟೆ ಎಷ್ಟೇ ತೂಗಲಿ, ಬೆಲೆ ಓಟಿಗೆ. ತೇವ ನೋಡಲು ಬೇರೆ ಮೀಟರು. ಹೀಗೆ ಲೆಕ್ಕ ಹಾಕುವ ಮನೆಯ ಮಕ್ಕಳು ತಮ್ಮ ಮೈ ತೂಗುವಾಗ ಮಾತ್ರ ಮೂಟೆ ತೂಕವೊಂದನ್ನೇ ನಂಬಿ ಅಳುತ್ತಾ ಕೂರುತ್ತಾರೆ.

ಮೈಯ ಒಳಗೆ ಆಗುವುದು ಇಷ್ಟು. ನಾವು ತಿಂದ ಮುದ್ದೆ, ಅನ್ನ, ಅಕ್ಕಿ ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಆಗಲೇ ಬೇಡದ್ದನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಇದನ್ನು ಒಣಗಿಸಿ ಇಡಲು ದೇಹಕ್ಕೆ ಬರುವುದಿಲ್ಲ, ನೆನೆಸಿಯೇ ಇಡಬೇಕು. ಒಂದು ಗ್ರಾಂ ಗ್ಲೈಕೋಜನ್ನಿಗೆ ಹೆಚ್ಚುಕಡಿಮೆ ಮೂರು ಗ್ರಾಂ ನೀರು. ಕೂಡಿಸಿ ನೋಡಿ: ಅರ್ಧ ಕೆಜಿ ಗ್ಲೈಕೋಜನ್, ಒಂದೂವರೆ ಕೆಜಿ ನೀರು. ಎರಡು ಕೆಜಿ ಆಯಿತಲ್ಲ?

ನೀವು ಛಲ ಹಿಡಿದು ಅನ್ನ, ಮುದ್ದೆ ಬಿಟ್ಟ ಮೊದಲ ಮೂರು ನಾಲ್ಕು ದಿನ ದೇಹ ಮುಟ್ಟುವುದು ಈ ಉಗ್ರಾಣವನ್ನು. ಅದು ಖಾಲಿಯಾಗುತ್ತಾ ಬಂದ ಹಾಗೆ ಅದಕ್ಕೆ ಅಂಟಿದ್ದ ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ. ತಕ್ಕಡಿ ಮುಳ್ಳು ಇಳಿಯುತ್ತದೆ, ನೀವು ಕುಣಿದಾಡುತ್ತೀರಿ. ಕೊಬ್ಬು ಇದ್ದಲ್ಲೇ ಇದೆ, ಅಲ್ಪಸ್ವಲ್ಪ ಮಾತ್ರ ಕದಲಿದೆ. ಉಗ್ರಾಣದ ನೀರು ಮುಗಿದ ಮೇಲೆ ಮುಳ್ಳು ನಿಲ್ಲುತ್ತದೆ. ಒಂದು ದಿನ ಪಾಯಸ, ಚಿತ್ರಾನ್ನ, ಹೋಳಿಗೆ ಊಟ ಆಯಿತೋ, ಉಗ್ರಾಣ ಮತ್ತೆ ತುಂಬಿತು, ನೀರು ಮತ್ತೆ ಬಂತು, ಮುಳ್ಳು ಮೇಲೇರಿತು.

ಇದನ್ನು ನಾನೂ ಅನುಭವಿಸಿದ್ದೇನೆ. ಹಾಸನದ ಹಾಸ್ಟೆಲಿನಲ್ಲಿ ಪಿಯುಸಿ ಓದುವಾಗ ಅಣ್ಣನ ಮದುವೆಗೆ ಮುಂಚೆ ತೆಳ್ಳಗಾಗಬೇಕು ಅಂತ ಎಂಟು ದಿನ ಅನ್ನ ಮುಟ್ಟಲಿಲ್ಲ. ಆಗೆಲ್ಲ ತೂಕ ನೋಡಬೇಕಾದರೆ ಅರಸೀಕೆರೆ ಜಂಕ್ಷನ್ನಿನಂಥ ಕಡೆ ನಿಂತಿರುತ್ತಿದ್ದ ದೊಡ್ಡ ಮಷಿನ್ ಗತಿ. ಮೇಲೆ ಹತ್ತಿದರೆ ಕೆಂಪು ಹಸಿರು ದೀಪ ತಿರುಗುತ್ತಿತ್ತು, ನಾಣ್ಯ ಹಾಕಿದರೆ ಖಟ್ ಅಂತ ಒಂದು ರಟ್ಟಿನ ಟಿಕೆಟ್ಟು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಮದುವೆಗೆ ಹೋಗುವಾಗ ಎರಡು ಕೆಜಿ ಕಡಿಮೆ ತೋರಿಸಿತು. ಮೂರು ದಿನ ಮದುವೆ ಮನೆಯಲ್ಲಿ ಉಂಡು ಬಂದು ಅದೇ ಮಷಿನ್ ಹತ್ತಿದರೆ ಎರಡೂ ಕೆಜಿ ಬಡ್ಡಿ ಸಮೇತ ವಾಪಸ್. ಮೂರು ದಿನದಲ್ಲಿ ಎರಡು ಕೆಜಿ ಕೊಬ್ಬು ಬೆಳೆಸಿಕೊಂಡೆನಲ್ಲ, ನನ್ನಂಥ ಹೊಟ್ಟೆಬಾಕರುಂಟೇ ಅಂತ ಬಸ್ಸಿನಲ್ಲಿ ಕಣ್ಣೀರು ಹಾಕಿದ್ದು ಇವತ್ತಿಗೂ ನೆನಪಿದೆ. ಟಿಕೆಟ್ಟಿನ ಎರಡೂ ಮಗ್ಗುಲನ್ನು ಅಷ್ಟೇ ಗಂಭೀರವಾಗಿ ನಂಬಿದ್ದೆ.

ಲೆಕ್ಕ ಬಂದಿದ್ದರೆ ಅಳುತ್ತಿರಲಿಲ್ಲ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಎರಡು ಕೆಜಿ ಕೊಬ್ಬು ಸೇರಬೇಕಾದರೆ ನಿತ್ಯದ ಖರ್ಚು ಕಳೆದು ಇನ್ನೂ ಹದಿನೈದು ಸಾವಿರ ಕ್ಯಾಲೊರಿ ತಿನ್ನಬೇಕು. ಮೂರು ದಿನದಲ್ಲಿ ಅಷ್ಟು ತಿನ್ನುವವರು ಬಕಾಸುರನ ವಂಶದವರೇ ಇರಬೇಕು. ಇಳಿಯುವಾಗಲೂ ಇದೇ ಲೆಕ್ಕ. ವಾರಕ್ಕೆ ಅರ್ಧ ಕೆಜಿ ಕೊಬ್ಬು ಇಳಿಯಬೇಕಾದರೆ ದಿನಕ್ಕೆ 550 ಕ್ಯಾಲೊರಿ ಕೊರತೆ ಬೀಳಬೇಕು. ಅದೇ ಒಳ್ಳೆಯ ವೇಗ. ಅದಕ್ಕಿಂತ ತೀರಾ ಜೋರಾಗಿ ಇಳಿದರೆ ಅದರಲ್ಲಿ ನೀರು, ಮಾಂಸಖಂಡವೂ ಸೇರಿರುತ್ತದೆ.

"ನಾನು ನೀರು ಕುಡಿದ್ರೂ ದಪ್ಪ ಆಗ್ತೀನಿ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಅರ್ಧ ನಿಜ ಕಣಮ್ಮ. ನೀರಿನಿಂದ ತೂಕ ಏರುತ್ತದೆ, ಕೊಬ್ಬು ಏರುವುದಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ತಿಂದಿರಿ ಅನ್ನಿ. ಅದರ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಳಗ್ಗೆ ಅರ್ಧ ಕೆಜಿ ಜಾಸ್ತಿ. ಹೆಣ್ಣುಮಕ್ಕಳಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿದು ಒಂದು ಕೆಜಿಯವರೆಗೂ ಏರುವುದುಂಟು. ನಾಲ್ಕು ದಿನ ಕಳೆದರೆ ತಾನೇ ಇಳಿಯುತ್ತದೆ. ಇದು ಗೊತ್ತಿಲ್ಲದೆ ಅವತ್ತೇ ತಕ್ಕಡಿ ಹತ್ತಿ, ಅವತ್ತೇ ಊಟ ಬಿಟ್ಟು, ತಲೆ ಸುತ್ತಿ ಬಿದ್ದ ಹುಡುಗಿಯರನ್ನು ನನ್ನ ಮುಂದೆ ಎತ್ತಿಕೊಂಡು ಬಂದಿದ್ದಾರೆ.

ನೀರು ಇಳಿಸಿ ದುಡ್ಡು ಮಾಡುವವರೂ ಇದ್ದಾರೆ. ತೂಕ ಇಳಿಸುವ ಚಹಾ ಅಂತ ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಸೋನಾಮುಖಿ ಎಲೆ ಇರುತ್ತದೆ. ಭೇದಿ ಆಗುತ್ತದೆ, ತೂಕ ಇಳಿಯುತ್ತದೆ, ಇಳಿದದ್ದು ನೀರು. ಜರ್ಕಿನ್ ಹಾಕಿಕೊಂಡು ಬಿಸಿಲಲ್ಲಿ ಫೀಲ್ಡ್ ಸುತ್ತುವ ಹುಡುಗರೇ, ನೀವು ಬೆವರಿದ್ದೂ ನೀರು. ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದಂತೆ! ಕೊಬ್ಬೇನು ಚಳಿಗೆ ಗಟ್ಟಿಯಾದ ತುಪ್ಪವೇ, ಬಿಸಿನೀರು ಬಿದ್ದ ಕೂಡಲೇ ಕರಗಲು? ಮೈಯ ಒಳಗೆ ಇಪ್ಪತ್ನಾಲ್ಕು ಗಂಟೆಯೂ 37 ಡಿಗ್ರಿ ಬಿಸಿ ಇದ್ದೇ ಇದೆ. ಕುಡಿಯಿರಿ, ರುಚಿಯಾಗಿರುತ್ತದೆ. ಜೇನು ಮಾತ್ರ ಸಕ್ಕರೆಯ ಲೆಕ್ಕಕ್ಕೆ ಸೇರುತ್ತದೆ.

ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಮೊದಲ ವಾರ ಇಳಿದದ್ದು ಹೆಚ್ಚಿನ ಪಾಲು ನೀರು, ಒಂದೇ ದಿನಕ್ಕೆ ಏರಿದ್ದೂ ನೀರು. ತಕ್ಕಡಿ ಮೂಟೆ ತೂಕ ಹೇಳುತ್ತದೆ, ಓಟಿ ಹೇಳುವುದಿಲ್ಲ.

ಇನ್ನು ಟೈಮಿಲ್ಲ ಎಂಬ ಮಾತು. ಟೈಮಿಲ್ಲದ ಮಕ್ಕಳು ಮೊದಲು ಕತ್ತರಿ ಹಾಕುವುದು ನಿದ್ದೆಗೆ. ರಾತ್ರಿ ಹನ್ನೆರಡೂವರೆವರೆಗೆ ಓದು, ಅದರಲ್ಲಿ ಒಂದು ಗಂಟೆ ಮೊಬೈಲು, ಆ ಲೆಕ್ಕ ನನಗೂ ಗೊತ್ತು. ಬೆಳಗ್ಗೆ ಐದೂವರೆಗೆ ಎದ್ದು ಬಸ್ಸಿಗೆ ಓಟ. ಶಿಕಾಗೊ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಂಥವರಿಗೆ ನಾನು ಹೇಳದೆ ಬಿಡುವುದಿಲ್ಲ. ತೂಕ ಹೆಚ್ಚಿದ್ದ ಹತ್ತು ಜನರಿಗೆ ಲೆಕ್ಕ ಹಾಕಿ ಕಡಿಮೆ ಊಟ ಕೊಟ್ಟರು. ಹದಿನಾಲ್ಕು ದಿನ ರಾತ್ರಿ ಎಂಟೂವರೆ ಗಂಟೆ ಹಾಸಿಗೆಯಲ್ಲಿರಲು ಬಿಟ್ಟರು, ಇನ್ನೊಮ್ಮೆ ಹದಿನಾಲ್ಕು ದಿನ ಐದೂವರೆ ಗಂಟೆ ಮಾತ್ರ. ಎರಡು ಸಲವೂ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಸುಮಾರು ಮೂರು ಕೆಜಿ. ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು. ನಿದ್ದೆಗೆಟ್ಟಾಗ 0.6 ಕೆಜಿ ಮಾತ್ರ. ಉಳಿದದ್ದು ಮಾಂಸಖಂಡ, ನೀರು ಇಂಥದ್ದು. ನಿದ್ದೆಗೆಟ್ಟವರಿಗೆ ಹಸಿವೂ ಹೆಚ್ಚು.

ಮೂಟೆ ತೂಕ ಒಂದೇ, ಓಟಿ ಅರ್ಧಕ್ಕಿಂತ ಕಡಿಮೆ! ಹತ್ತೇ ಜನರ ಪ್ರಯೋಗ, ಅದನ್ನೇ ವೇದವಾಕ್ಯ ಅನ್ನುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ನಾನು ಕಂಡದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಎಚ್ಚರ ಇದ್ದವರು ಚಕ್ಕುಲಿ ಡಬ್ಬ ಹುಡುಕದೆ ಇರುವುದಿಲ್ಲ.

ಸ್ಟುಡಿಯೋದ ಗಾಜಿನ ಆಚೆಯಿಂದ ನಾಲ್ಕು ಬೆರಳು ತೋರಿಸುತ್ತಿದ್ದಾರೆ, ನಾಲ್ಕೇ ನಿಮಿಷವಂತೆ. ನೀರಿನ ಕಥೆಯೇ ಟೈಮೆಲ್ಲ ಕುಡಿಯಿತು. ಮಾಡಬೇಕಾದ್ದನ್ನು ಓಡಿಸಿಕೊಂಡು ಹೇಳುತ್ತೇನೆ.

ಒಂದು, ಬೆಳಗಿನ ತಿಂಡಿ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದವರು ಸಂಜೆ ನಾಲ್ಕೂವರೆಗೆ ಬೇಕರಿ ಮುಂದೆ ನಿಂತಿರುತ್ತಾರೆ. ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಹಾಸನ ಜಿಲ್ಲೆಯದೇ, ಹೆಮ್ಮೆಯ ವಿಷಯ, ಆದರೆ ಹಸಿದ ಹೊಟ್ಟೆಯಲ್ಲಿ ಅದರೊಳಗೆ ಕಾಲಿಟ್ಟರೆ ಒಂದು ಪಫ್‌ಗೆ ನಿಲ್ಲುವುದಿಲ್ಲ. ರೊಟ್ಟಿ ಜೊತೆ ಕಾಳಿನ ಪಲ್ಯವೋ ಮೊಟ್ಟೆಯೋ ಇದ್ದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಬ್ಯಾಗಿನಲ್ಲಿ ಒಂದು ಹಿಡಿ ಹುರಿಗಡಲೆಯೋ ಕಡಲೆಬೀಜವೋ ಇರಲಿ.

ಎರಡು, ಕಾಫಿ. ಕಾಫಿ ಬಿಡಿ ಅಂದರೆ ಬಿಕ್ಕೋಡಿನಲ್ಲಿ ನನ್ನನ್ನು ಯಾರೂ ಮನೆಗೆ ಸೇರಿಸುವುದಿಲ್ಲ. ಸಕ್ಕರೆ ಬಿಡಿ. ಒಂದು ಚಮಚ ಸಕ್ಕರೆ ಐದು ಗ್ರಾಂ, ಇಪ್ಪತ್ತು ಕ್ಯಾಲೊರಿ. ಲೋಟಕ್ಕೆ ಎರಡು ಚಮಚದಂತೆ ಐದು ಲೋಟ ಅಂದರೆ 50 ಗ್ರಾಂ, 200 ಕ್ಯಾಲೊರಿ. ಇಡೀ ದಿನಕ್ಕೆ ಇರಬೇಕಾದ ಮಿತಿಯೇ ಅಷ್ಟು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ 25 ಗ್ರಾಂ ಒಳಗೆ ಇದ್ದರೆ ಇನ್ನೂ ಒಳ್ಳೆಯದು. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಒಂದು ನಿಮಿಷವೂ ಬೇಕಾಗಿಲ್ಲ ನೋಡಿ.

ಮೂರು, ನಡಿಗೆ. ನಸುಕಿನಲ್ಲಿ ಐದಕ್ಕೆ ಎದ್ದು ವಾಕಿಂಗ್ ಹೋಗಿ ಅಂತ ಟಿವಿಯಲ್ಲಿ ಬರುವ ತಜ್ಞರು ಹೇಳುತ್ತಾರೆ. ನಮ್ಮ ತೋಟದ ರಸ್ತೆಗಳಲ್ಲಿ ಆ ಹೊತ್ತಿಗೆ ವಾಕಿಂಗ್ ಮಾಡುವುದು ಕಾಡಾನೆ. ಅದರ ಹಾದಿಗೆ ಹೋಗಬೇಡಿ, ತೂಕಕ್ಕಿಂತ ಜೀವ ದೊಡ್ಡದು. ಬೇಲೂರಿನಲ್ಲೋ ಹಾಸನದಲ್ಲೋ ಕಾಲೇಜಿಗಿಂತ ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಬಿಡುವಿನ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಕಾರಿಡಾರ್ ಸುತ್ತಿ, ಮೆಟ್ಟಿಲು ಹತ್ತಿ. ಹತ್ತತ್ತು ನಿಮಿಷದ ಮೂರು ಕಂತು ಅರ್ಧ ಗಂಟೆಯೇ ಆಗುತ್ತದೆ. ರಜೆಯ ದಿನ ಕಣದಲ್ಲಿ ಅಪ್ಪನಿಗೆ ಕೈಜೋಡಿಸಿದರೆ ಅದೂ ವ್ಯಾಯಾಮವೇ.

ನಾಲ್ಕು, ಮೊಬೈಲಿನ ಒಂದು ಗಂಟೆಯನ್ನು ನಿದ್ದೆಗೆ ಕೊಡಿ.

ಐದು, ಇಳಿಸುವ ಅಗತ್ಯ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಹದಿನೆಂಟು ದಾಟಿದವರಿಗೆ ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಯೋಚಿಸಬೇಕು. ಅದಕ್ಕಿಂತ ಚಿಕ್ಕವರು ಡಾಕ್ಟರಿಗೆ ತೋರಿಸದೆ ಊಟಕ್ಕೆ ಕತ್ತರಿ ಹಾಕುವುದು ಬೇಡ. ನನಗೆ ಪ್ರಶ್ನೆ ಕೇಳುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಇಳಿಸಬೇಕಾದ್ದು ಏನೂ ಇರುವುದಿಲ್ಲ, ರಕ್ತ ಏರಿಸಬೇಕಾಗಿರುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆಂಗಸರಲ್ಲಿ 57 ಜನಕ್ಕೆ ರಕ್ತಹೀನತೆ ಇತ್ತು. ಅಂಥವರು ಊಟ ಬಿಟ್ಟರೆ ತೂಕಕ್ಕಿಂತ ಮೊದಲು ಮಾರ್ಕ್ಸು ಇಳಿಯುತ್ತದೆ.

ಹಾಗಾದರೆ ಓಟಿ ನೋಡುವುದು ಹೇಗೆ? ಹಾಸ್ಟೆಲಿನ ಮೂಲೆಯ ತಕ್ಕಡಿಯನ್ನು ದಿನಾ ಹತ್ತಬೇಡಿ. ತಿಂಗಳಿಗೊಮ್ಮೆ ಹತ್ತಿ, ಬೆಳಗ್ಗೆ, ತಿಂಡಿಗೆ ಮುಂಚೆ. ಹುಡುಗರ ಸೊಂಟದಲ್ಲಿ ಉಡಿದಾರ ಇದ್ದರೆ ಅದೇ ಮೀಟರು. ಅದು ಒತ್ತುತ್ತಿದೆಯೋ ಜಾರುತ್ತಿದೆಯೋ ಗಮನಿಸಿ. ಹುಡುಗಿಯರಿಗೆ ಚೂಡಿದಾರದ ಲಾಡಿ ಇದೆ. ಗಂಟು ಹಾಕುವ ಜಾಗದಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿಕೊಳ್ಳಿ, ತಿಂಗಳ ನಂತರ ಗಂಟು ಎಲ್ಲಿಗೆ ಬಂತು ನೋಡಿ. ನೀರಿನ ಏರಿಳಿತ ಒಂದೆರಡು ದಿನದ್ದು, ಗುರುತಿನಿಂದ ಗಂಟು ಜಾರಿ ಅಲ್ಲೇ ನಿಂತರೆ ಅದು ಕೊಬ್ಬು ಇಳಿದ ಲೆಕ್ಕ.

ನಮ್ಮಪ್ಪ ಕಾಫಿ ಒಣಗಿತೋ ಇಲ್ಲವೋ ಅಂತ ತಕ್ಕಡಿಗೆ ಹಾಕಿ ನೋಡುತ್ತಿರಲಿಲ್ಲ. ಒಂದು ಮುಷ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಸಿಪ್ಪೆಯೊಳಗೆ ಬೀಜ ಗಿಲಕ್ ಗಿಲಕ್ ಅಂದರೆ ಸರಿ. ಸದ್ದು ಬರದಿದ್ದರೆ "ಇನ್ನೂ ನಾಲ್ಕು ದಿನ ಬಿಸಿಲು ಕಾಣಲಿ" ಅಂತ ಮತ್ತೆ ಕಣಕ್ಕೆ ಸುರಿಯುತ್ತಿದ್ದರು. ಎರಡನೇ ವಾರ ಮುಳ್ಳು ನಿಂತಿತು ಅಂತ ಕೇಳಿದ ಮಕ್ಕಳಿಗೆಲ್ಲ ನನ್ನ ಉತ್ತರವೂ ಅದೇ. ಇನ್ನೂ ನಾಲ್ಕು ವಾರ ಬಿಸಿಲು ಕಾಣಲಿ.