ಕುಂಟಿದ ಕಾರು, ಕೇಳಬೇಕಾದ ಪ್ರಶ್ನೆ

ನಾನು ಓದಿದ್ದು ಎಂ.ಟೆಕ್., ಕೆಲಸ ಸಾಫ್ಟ್‌ವೇರ್. ಆದರೆ ಇವತ್ತು ಹೇಳುವುದು ನಮ್ಮ ಕಾರಿನ ಕಥೆ.

ಹೋದ ಮಳೆಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಮುಂಬೈಯಿಂದ ಪುಣೆಗೆ ಬರುತ್ತಿದ್ದೆ. ಖಂಡಾಲ ಘಾಟ್ ಏರುವಾಗ ಹಳದಿ ಎಂಜಿನ್ ದೀಪ ಹತ್ತಿಕೊಂಡಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ವೇಗ 40 ದಾಟಲಿಲ್ಲ. ಹಿಂದೆ ಲಾರಿಗಳ ಹಾರ್ನ್, ಪಕ್ಕದಲ್ಲಿ ಅಮ್ಮನ ರಾಮನಾಮ. ಎಡಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಮತ್ತೆ ಶುರು ಮಾಡಿದೆ. ಸರಿಹೋಯಿತು. ಮುಂದಿನ ಏರಿನಲ್ಲಿ ಮತ್ತೆ ಅದೇ ಹಾಡು.

ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಯಾವುದೋ ಸೆನ್ಸರ್ ಹೇಳುವ ಲೆಕ್ಕ ತಾಳೆಯಾಗದಿದ್ದಾಗ ಕಾರಿನ ಕಂಪ್ಯೂಟರ್ ಎಂಜಿನ್ ಹಾಳಾಗದಿರಲೆಂದು ಶಕ್ತಿ ಕಡಿಮೆ ಮಾಡುತ್ತದೆ. ಕಾಲು ಉಳುಕಿದವರು ಕುಂಟುತ್ತಾ ಮನೆ ಸೇರಿದ ಹಾಗೆ.

ಮರುದಿನ ಗ್ಯಾರೇಜಿಗೆ ಹೋದೆ. ಕಾರು ಓಡಿಸಿದವಳು ನಾನು, ಆದರೆ ಅವರು ಫೋನ್ ಮಾಡಿದ್ದು ನನ್ನ ಗಂಡನಿಗೆ! "ಟರ್ಬೊ ಹೋಗಿದೆ ಸರ್, 60 ಸಾವಿರ ಆಗುತ್ತೆ." "ಯಾವ ಪರೀಕ್ಷೆಯಿಂದ ಗೊತ್ತಾಯಿತು?" ಅಂತ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕಾರು ವಾಪಸ್ ತಂದೆ.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಸಾವಿರ ರೂಪಾಯಿಯೊಳಗಿನ ಬ್ಲೂಟೂತ್ ರೀಡರ್ ತರಿಸಿ ಅದಕ್ಕೆ ಸಿಕ್ಕಿಸಿದೆ. ಫೋನಿನಲ್ಲಿ ಕೋಡ್ ಬಂತು: ಪಿ0299. ಟರ್ಬೊ ಒತ್ತಡ ಬೇಕಾದಷ್ಟಿಲ್ಲ ಎಂದರ್ಥ. ನಾನು ಜಾಣತನ ಮಾಡಿ ಕೋಡ್ ಅಳಿಸಿಬಿಟ್ಟೆ. ದೀಪ ಆರಿತು. ಎರಡು ದಿನದಲ್ಲಿ, ಕಾತ್ರಜ್ ಘಾಟಿನಲ್ಲಿ, ಮತ್ತೆ ಹತ್ತಿತು!

ಆಗ ಹೊಳೆಯಿತು. ಆಫೀಸಿನಲ್ಲಿ ಎರರ್ ಲಾಗ್ ಅಳಿಸಿದರೆ ಬಗ್ ಹೋಗುತ್ತದೆಯೇ? ಕೋಡ್ ಹೇಳುವುದು ನೋವು ಎಲ್ಲಿ ಎಂದಷ್ಟೇ. ಒತ್ತಡ ಕಡಿಮೆಯಾಗಲು ಟರ್ಬೊವೇ ಕೆಡಬೇಕಿಲ್ಲ. ಗಾಳಿಯ ಪೈಪ್ ಸೀಳಿರಬಹುದು, ಕ್ಲಾಂಪ್ ಸಡಿಲಾಗಿರಬಹುದು, ಸೆನ್ಸರ್ ಕೊಳೆಯಾಗಿರಬಹುದು. ಅಗ್ಗದ್ದನ್ನು ಮೊದಲು ನೋಡಬೇಕು. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ತೆಗೆದು ಟಾರ್ಚ್ ಬಿಟ್ಟೆ. ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಬುಡದಲ್ಲಿ ಎಣ್ಣೆ ಜಿಡ್ಡು, ಒತ್ತಿ ನೋಡಿದರೆ ಬೆರಳುದ್ದದ ಸೀಳು. ಬೇರೊಬ್ಬ ಮೆಕ್ಯಾನಿಕ್ ಪೈಪ್ ಬದಲಿಸಿದರು. ಖರ್ಚು 3 ಸಾವಿರ ದಾಟಲಿಲ್ಲ.

ಮೊದಲ ಗ್ಯಾರೇಜಿನವರು ಮೋಸಗಾರರೇ ಇರಬೇಕೆಂದಿಲ್ಲ. ಕೋಡ್ ನೋಡಿ ಟರ್ಬೊ ಅಂದಿರಬಹುದು. ಆದರೆ ನಾನು ಸುಮ್ಮನಿದ್ದಿದ್ದರೆ 60 ಸಾವಿರ ಹೋಗಿ, ಸೀಳು ಹಾಗೇ ಉಳಿಯುತ್ತಿತ್ತೋ ಏನೋ.

ಕೊನೆಗೆ ನಾಲ್ಕು ಮಾತು. ಹಳದಿ ದೀಪವಾದರೆ ನಿಧಾನವಾಗಿ ಸುರಕ್ಷಿತ ಜಾಗ ಸೇರಿ. ಆಯಿಲ್ ಅಥವಾ ಬಿಸಿಯ ಕೆಂಪು ದೀಪವಾದರೆ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. "ಹೇಗೆ ಗೊತ್ತಾಯಿತು?" ಎಂದು ಕೇಳಲು ಸಂಕೋಚ ಬೇಡ.

ಕಳೆದ ವಾರ ಅದೇ ಘಾಟ್ ಏರಿದೆವು. ಅಮ್ಮ ಈ ಸಲ ರಾಮನಾಮ ಹೇಳಲಿಲ್ಲ, ನಿದ್ದೆ ಹೋಗಿದ್ದರು.